ಫಕೀರವ್ವನ ಹೊಸ್ತಿಲು

"ಗುರುಗಳೇ, ಊರ ನಡುವೆ ಮನೆ ಎಷ್ಟು ಎತ್ತರ ಇರಬಹುದು?" ಎಂದು ಶಿಷ್ಯ ಚನ್ನಮಲ್ಲ ಕೇಳಿದ.

ಅವನು ಪೇಟೆಯ ನಿವಾಸಿಗಳ ಸಭೆ ಮುಗಿಸಿಕೊಂಡು ಆಗಷ್ಟೇ ಮಠಕ್ಕೆ ಮರಳಿದ್ದ. ಹಳೆಯ ಹತ್ತಿ ಕಾರ್ಖಾನೆ ಇದ್ದ ಜಾಗದಲ್ಲಿ ಹನ್ನೆರಡು ಅಂತಸ್ತಿನ ವಸತಿ ಕಟ್ಟಡ ಏಳಲಿತ್ತು. ಆರು ಅಂತಸ್ತು ಸಾಕು ಎಂದು ಸಭೆ ತೀರ್ಮಾನಿಸಿತ್ತು. ಕಟ್ಟಡದ ಬಣ್ಣ ಊರಿಗೆ ಹೊಂದುವುದಿಲ್ಲ, ಬಾಲ್ಕನಿಗಳು ಗೂಡಿನ ಹಾಗೆ ಕಾಣುತ್ತವೆ ಎಂದೂ ಹೇಳಿತ್ತು. ಮಠದ ಅಂಗಳಕ್ಕೆ ನೆರಳು ಬೀಳುತ್ತದೆಂದು ಚನ್ನಮಲ್ಲನೂ ಎದ್ದು ನಿಂತು ಮಾತನಾಡಿದ್ದ. ಜನ ಚಪ್ಪಾಳೆ ತಟ್ಟಿದ್ದರು.

"ಇದಕ್ಕೆ ಶಾಸ್ತ್ರದಲ್ಲಿ ಒಂದು ಮಿತಿ ಇರಬೇಕಲ್ಲವೇ?" ಎಂದ.

"ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಎರಡು ದಾರಿ ಕೂಡುವಲ್ಲಿ ಒಂದು ಪೇಟೆ ಇತ್ತು. ಅದರ ಸುತ್ತ ಕೋಟೆಗೋಡೆ. ಗೋಡೆಯ ಆಚೆ ಒಂದು ಕೆರೆ. ಕೆರೆಯ ಏರಿಯ ಕೆಳಗೆ ಗುಡಿಸಲುಗಳಿದ್ದವು. ಪೇಟೆಯಲ್ಲಿ ಮೂಟೆ ಹೊರುವವರು, ನೂಲಿಗೆ ಬಣ್ಣ ಹಾಕುವವರು, ಬೀದಿ ಗುಡಿಸುವವರು ಅಲ್ಲಿ ವಾಸವಿದ್ದರು. ಬೆಳಗ್ಗೆ ಊರಬಾಗಿಲು ತೆರೆದಾಗ ಒಳಗೆ ಬರುತ್ತಿದ್ದರು. ಸಂಜೆ ಮುಚ್ಚುವ ಮೊದಲು ಹೊರಗೆ ಹೋಗುತ್ತಿದ್ದರು. ಅವರಿಲ್ಲದೆ ಪೇಟೆ ಒಂದು ದಿನವೂ ನಡೆಯುತ್ತಿರಲಿಲ್ಲ. ಆದರೆ ಅವರು ಪೇಟೆಯವರಲ್ಲ.

ಒಂದು ಮಳೆಗಾಲದಲ್ಲಿ ಏರಿಯ ಒಂದು ಮಗ್ಗುಲು ಕುಸಿಯಿತು. ನೀರು ಗುಡಿಸಲುಗಳ ಮೇಲೆ ಹರಿಯಿತು. ಕೆಲವರು ಸತ್ತರು. ಅವರಲ್ಲಿ ಫಕೀರವ್ವನ ಮಗಳೂ ಒಬ್ಬಳು. ಫಕೀರವ್ವ ಪೇಟೆಯ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮಗಳನ್ನು ಮಣ್ಣು ಮಾಡಿ ಬಂದು ಮತ್ತೆ ರೊಟ್ಟಿ ಬಡಿದಳು. ಬೇರೆ ದಾರಿ ಇರಲಿಲ್ಲ.

ಪೇಟೆಯ ನಡುವೆ ಒಬ್ಬ ಹತ್ತಿ ವರ್ತಕನ ಖಾಲಿ ಜಾಗವಿತ್ತು. ಏರಿ ಕುಸಿದ ಮೇಲೆ ಅವನು, "ಇಲ್ಲಿ ಐದು ಅಂತಸ್ತಿನ ಮನೆ ಕಟ್ಟುತ್ತೇನೆ, ಒಂದೊಂದು ಅಂತಸ್ತಿನಲ್ಲೂ ಹಲವು ಸಂಸಾರ ಇರಬಹುದು, ಏರಿಯ ಕೆಳಗಿನವರು ಬಂದು ಬಾಡಿಗೆಗೆ ಇರಲಿ" ಎಂದ. ಅವನೇನೂ ಧರ್ಮಾತ್ಮನಲ್ಲ. ಬಾಡಿಗೆ ಬರುತ್ತದೆಂದೇ ಹೊರಟಿದ್ದ. ಆದರೂ ಅಂಥ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಏರಿಯ ಕೆಳಗಿನವರು ಅದನ್ನು ಕೇಳಿ ನಂಬಿದರು. ಫಕೀರವ್ವನೂ ನಂಬಿದಳು.

ಚಾವಡಿಯಲ್ಲಿ ಸಭೆ ಕೂಡಿತು. ಆ ಪೇಟೆಯಲ್ಲಿ ಒಂದು ಕಟ್ಟಳೆ ಇತ್ತು. ಊರೊಳಗೆ ಸ್ವಂತ ಹೊಸ್ತಿಲು ಇದ್ದವರು ಮಾತ್ರ ಸಭೆಯಲ್ಲಿ ಕೂರಬಹುದು, ಮಾತನಾಡಬಹುದು.

ಮೊದಲು ದೇಸಾಯಿ ಮಾತನಾಡಿದ. ಊರಿಗೆ ಹಿರಿಯ ಅವನು. "ಗುಡಿಯ ಕಳಸಕ್ಕಿಂತ ಎತ್ತರದಲ್ಲಿ ಮನುಷ್ಯರು ಮಲಗುವುದು ತರವಲ್ಲ" ಎಂದ. ವರ್ತಕ ಒಂದು ಅಂತಸ್ತು ಇಳಿಸಿದ.

ಆಮೇಲೆ ವೈದ್ಯ ಎದ್ದ. "ಮೇಲಿನ ಕಿಟಕಿಯಿಂದ ನಮ್ಮ ಹಿತ್ತಲು ಕಾಣುತ್ತದೆ. ಅಲ್ಲಿ ನಮ್ಮ ಹೆಣ್ಣುಮಕ್ಕಳು ಸ್ನಾನ ಮಾಡುತ್ತಾರೆ" ಎಂದ. ಮಾತು ನ್ಯಾಯವಾಗಿಯೇ ಇತ್ತು. ವರ್ತಕ ಇನ್ನೊಂದು ಅಂತಸ್ತು ಇಳಿಸಿದ.

ಪಂಡಿತನಿಗೆ ಎತ್ತರದ ಚಿಂತೆ ಇರಲಿಲ್ಲ. ಅವನು ರೂಪದ ಬಗ್ಗೆ ಮಾತನಾಡಿದ. "ಇದು ಮನೆಯ ಹಾಗಿಲ್ಲ, ಕಾಳು ತುಂಬುವ ಕಣಜದ ಹಾಗಿದೆ. ನಮ್ಮ ಪೇಟೆಯ ಮನೆಗೆ ಪಡಸಾಲೆ ಬೇಕು. ಕಂಬಕ್ಕೆ ಕೆತ್ತನೆ ಬೇಕು" ಎಂದ. ಸಭೆಗೆ ಈ ಮಾತು ಬಹಳ ಹಿಡಿಸಿತು. ಕಂಬದ ಮೇಲೆ ಗಿಳಿ ಇರಲೋ ಹಂಸ ಇರಲೋ ಎಂದು ಮಧ್ಯಾಹ್ನದವರೆಗೆ ವಾದ ನಡೆಯಿತು. ಕೊನೆಗೆ ಗಿಳಿ ಗೆದ್ದಿತು. ಪಡಸಾಲೆಗೆ ಜಾಗ ಬಿಟ್ಟದ್ದರಿಂದ ಕೋಣೆಗಳು ಕಡಿಮೆಯಾದವು. ಕೆತ್ತನೆಗೆ ತಕ್ಕಂತೆ ಬಾಡಿಗೆ ಏರಿತು. "ಇಷ್ಟು ಬಾಡಿಗೆಗೆ ಏರಿಯ ಕೆಳಗಿನವರು ಬರಲಾರರು. ಕೊಡಬಲ್ಲವರು ಬರುತ್ತಾರೆ" ಎಂದು ವರ್ತಕ ಮೆಲ್ಲಗೆ ಹೇಳಿದ.

ಎಲ್ಲರಿಗೂ ಸಮಾಧಾನವಾಗಿತ್ತು. ಯಾರೂ ಕೆಟ್ಟವರಲ್ಲ. ಒಬ್ಬೊಬ್ಬರ ಮಾತಿನಲ್ಲೂ ಒಂದಿಷ್ಟು ನಿಜವಿತ್ತು. ಖಾನಾವಳಿಯಿಂದ ಊಟ ಬಂತು. ಫಕೀರವ್ವ ರೊಟ್ಟಿಯ ಬುಟ್ಟಿ ಹಿಡಿದು ಸಾಲಿನ ತುದಿಯಿಂದ ಬಡಿಸುತ್ತ ಬಂದಳು. ಉಣ್ಣುತ್ತಲೇ ಅವರು ಸಭೆಯ ತೀರ್ಮಾನವನ್ನು ಮತ್ತೆ ಮತ್ತೆ ಆಡಿಕೊಂಡರು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಬುಟ್ಟಿಯನ್ನು ಕೆಳಗಿಟ್ಟಳು. ದೇಸಾಯಿಯ ಎದುರು, ಸಭೆಯ ಸಾಲಿನಲ್ಲಿ ಕೂತುಬಿಟ್ಟಳು.

"ಫಕೀರವ್ವಾ, ಏಳು. ಇದು ಹೊಸ್ತಿಲು ಇದ್ದವರು ಕೂರುವ ಜಾಗ" ಎಂದ ದೇಸಾಯಿ.

"ಏಳೂದಿಲ್ರಿ ದೇಸಾಯರ. ನನಗೂ ಒಂದು ಹೊಸ್ತಿಲು ಬರೂದಿತ್ತು. ನಾ ರೊಟ್ಟಿ ತರೂದ್ರೊಳಗ ನೀವು ಅದನ್ನ ಇಳಿಸಿಬಿಟ್ರಿ."

ಸಭೆಯಲ್ಲಿ ಕೆಲವರು ನಕ್ಕರು. ದೇಸಾಯಿ ನಗಲಿಲ್ಲ. "ಕಟ್ಟಳೆ ನಾನು ಮಾಡಿದ್ದಲ್ಲ. ಹೊಸ್ತಿಲು ಇದ್ದರೆ ಬಾ, ಮಾತನಾಡು. ಯಾರು ಬೇಡ ಅನ್ನುತ್ತಾರೆ?" ಎಂದ.

ಫಕೀರವ್ವ ಎದ್ದು ಹೋದಳು. ಏರಿಯ ಕೆಳಗೆ ಅವಳ ಗುಡಿಸಲು ಇದ್ದ ಜಾಗ ಇನ್ನೂ ಕೆಸರಾಗಿತ್ತು. ಆ ಕೆಸರನ್ನು ಬಗೆದು ಹೊಸ್ತಿಲ ಕಲ್ಲನ್ನು ಹೊರಗೆ ತೆಗೆದಳು. ಮರುದಿನ ಊರಬಾಗಿಲು ತೆರೆದಾಗ ಅದನ್ನು ತಲೆಯ ಮೇಲೆ ಹೊತ್ತು ಒಳಗೆ ಬಂದಳು. ವರ್ತಕನ ಖಾಲಿ ಜಾಗದಲ್ಲಿ ನೆಲ ತೋಡಿ ಕಲ್ಲನ್ನು ಕೂರಿಸಿದಳು. ನೀರು ಹಾಕಿ ತೊಳೆದಳು. ಅರಿಶಿನ ಕುಂಕುಮ ಹಚ್ಚಿ ಮುಂದೆ ರಂಗೋಲಿ ಬಿಟ್ಟಳು. ಕಲ್ಲಿನ ಹಿಂದೆ ಗೋಡೆ ಇರಲಿಲ್ಲ. ಬಾಗಿಲು ಇರಲಿಲ್ಲ. ಆಕಾಶವೇ ಚಾವಣಿ. ಅಲ್ಲಿಂದ ನೇರ ಚಾವಡಿಗೆ ಹೋದಳು.

"ಹೊಸ್ತಿಲು ಐತ್ರಿ. ಈಗ ಮಾತಾಡ್ತೀನಿ" ಎಂದಳು.

ಜನ ಹೋಗಿ ನೋಡಿ ಬಂದರು. "ಅದು ಬರೀ ಕಲ್ಲು" ಎಂದ ದೇಸಾಯಿ.

"ನಿಮ್ಮದೂ ಕಲ್ಲ ಐತ್ರಿ" ಎಂದಳು ಫಕೀರವ್ವ.

ಅಂದು ಅವಳಿಗೆ ಮಾತನಾಡಲು ಬಿಡಲಿಲ್ಲ. ಖಾನಾವಳಿಯ ಯಜಮಾನ ಅವಳನ್ನು ಕೆಲಸದಿಂದ ತೆಗೆದ. ಅವಳು ತನ್ನ ಹೊಸ್ತಿಲಿನ ಹಿಂದೆ ಮೂರು ಕಲ್ಲು ಹೂಡಿ ಒಲೆ ಹಚ್ಚಿ ಅಲ್ಲೇ ರೊಟ್ಟಿ ಬಡಿಯತೊಡಗಿದಳು. ಸಂಜೆ ಊರಬಾಗಿಲು ಮುಚ್ಚುವಾಗ ಹೊರಗೆ ಹೋಗಲಿಲ್ಲ. ಅವಳನ್ನು ನೋಡಿ ಬಣ್ಣದ ಕೆಲಸದ ಹೆಂಗಸೊಬ್ಬಳು ತನ್ನ ಹೊಸ್ತಿಲು ಹೊತ್ತು ತಂದಳು. ಆಮೇಲೆ ಮೂಟೆ ಹೊರುವವರು ತಂದರು. ಕಲ್ಲು ಇಲ್ಲದವರು ಮರದ ತೊಲೆ ತಂದರು. ಕೆಲವೇ ದಿನದಲ್ಲಿ ಆ ಬಯಲಿನ ತುಂಬ ಹೊಸ್ತಿಲುಗಳು ಸಾಲಾಗಿ ನಿಂತವು. ಮನೆ ಮಾತ್ರ ಒಂದೂ ಇರಲಿಲ್ಲ.

ಕಲ್ಲುಗಳನ್ನು ಕಿತ್ತೆಸೆಯಲು ದೇಸಾಯಿ ಕಾವಲುಗಾರರನ್ನು ಕಳಿಸಿದ. ಅವರ ಮುಂದಾಳು ಮೊದಲ ಹೊಸ್ತಿಲಿನ ಹತ್ತಿರ ಬಂದ. ರಂಗೋಲಿ ಕಂಡಿತು. ರೂಢಿಯಂತೆ ಅವನ ಕಾಲು ತಾನಾಗಿ ಚಪ್ಪಲಿ ಬಿಟ್ಟಿತು. ಬಿಟ್ಟ ಮೇಲೆ ಅವನಿಗೆ ತಾನೇನು ಮಾಡಿದೆನೆಂದು ತಿಳಿಯಿತು. ಫಕೀರವ್ವ ಒಲೆಯ ಮುಂದಿನಿಂದ ಏಳದೆ, "ಬಾ, ಒಳಗ ಬಾ" ಎಂದಳು. ಅವನು ಒಳಗೆ ಹೋಗಲೂ ಇಲ್ಲ, ಕಲ್ಲು ಮುಟ್ಟಲೂ ಇಲ್ಲ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮರಳಿ ಹೋದ.

ಆಗ ದೇಸಾಯಿ ವರ್ತಕನನ್ನು ಕರೆಸಿದ. "ಜಾಗ ನಿನ್ನದು. ನೀನೇ ಓಡಿಸು" ಎಂದ. ವರ್ತಕ ಬಂದು ನೋಡಿದ. ಮಳೆ ಹನಿಯುತ್ತಿತ್ತು. ಜನ ಗೋಣಿ ಹೊದ್ದು ತಮ್ಮ ತಮ್ಮ ಹೊಸ್ತಿಲಿನ ಹಿಂದೆ ಕೂತಿದ್ದರು. ಒಬ್ಬರೂ ಏಳಲಿಲ್ಲ. ಅವನು ಚಾವಡಿಗೆ ಮರಳಿ, "ದೇಸಾಯರೇ, ನಾನು ಕಟ್ಟುವ ಮೊದಲೇ ಒಕ್ಕಲು ಬಂದು ಕೂತಿದೆ. ಇವರನ್ನು ಓಡಿಸಿ ಇನ್ಯಾರಿಗೆ ಕಟ್ಟಲಿ?" ಎಂದ. ಅವನಿಗೆ ಕರುಣೆ ಬಂತೋ ಲೆಕ್ಕ ತಿಳಿಯಿತೋ ನಾನು ಹೇಳಲಾರೆ. ಎರಡೂ ಇದ್ದಿರಬಹುದು.

ಸಭೆ ಮತ್ತೆ ಕೂಡಿತು. ಈ ಸಲ ಚಾವಡಿಯಲ್ಲಿ ಅಲ್ಲ, ಆ ಬಯಲಿನಲ್ಲಿ. ಕೂತವರು ಎದ್ದು ಬರಲು ಒಪ್ಪದ ಕಾರಣ ಸಭೆಯೇ ಅಲ್ಲಿಗೆ ಹೋಗಬೇಕಾಯಿತು. ಫಕೀರವ್ವ ಮಾತನಾಡಿದಳು. ವೈದ್ಯನ ಮಾತಿಗೆ ಒಪ್ಪಿದಳು. ಆ ದಿಕ್ಕಿಗೆ ಕಿಟಕಿ ಬೇಡ, ಗೋಡೆಯೇ ಇರಲಿ ಎಂದಳು. ಪಂಡಿತನ ಕಂಬಗಳಿಗೆ ಒಪ್ಪಲಿಲ್ಲ. "ಕಂಬದ ಮ್ಯಾಲಿನ ಗಿಳಿಗೆ ಬಾಡಿಗಿ ನಾವ್ಯಾಕ ಕೊಡೂಣ್ರಿ?" ಎಂದಳು. ಪಂಡಿತ ಮುನಿಸಿಕೊಂಡು ಎದ್ದು ಹೋದ. ಕಳಸದ ವಿಷಯದಲ್ಲಿ ದೇಸಾಯಿ ಜಗ್ಗಲಿಲ್ಲ. ಅವಳೂ ಜಗ್ಗಲಿಲ್ಲ. ಕೊನೆಗೆ ಅವಳ ಕಡೆಯವರೇ ದಣಿದು ನಾಲ್ಕು ಅಂತಸ್ತಿಗೆ ತಲೆಯಾಡಿಸಿದರು.

ಮನೆ ಎದ್ದಿತು. ನೋಡಲು ಕಣಜದ ಹಾಗೇ ಇತ್ತು. ಹೋದ ಅಂತಸ್ತಿಗೆ ಬರಬೇಕಾದವರು ಏರಿಯ ಕೆಳಗೇ ಉಳಿದರು. ಅವರಿಗೆ ಮುಖ ತೋರಿಸುವುದು ಫಕೀರವ್ವನಿಗೆ ಬಹಳ ದಿನ ಕಷ್ಟವಾಯಿತು. ಯಾವ ಮನೆ ಬೇಕೆಂದು ವರ್ತಕ ಅವಳನ್ನು ಮೊದಲು ಕೇಳಿದ. ಮೇಲೆ ಗಾಳಿ ಚೆನ್ನಾಗಿ ಬರುತ್ತದೆ ಎಂದ. ಅವಳು ದೇಸಾಯಿಯ ಬಾಗಿಲಿಗೆ ಎದುರಾದ ಕೆಳಗಿನ ಮನೆಯನ್ನೇ ಕೇಳಿ ಪಡೆದಳು. "ದಿನಾ ಬೆಳಿಗ್ಗೆ ಎದ್ದು ಅವರ ಮುಖ ನೋಡಬೇಕಲ್ಲ" ಎಂದು ಯಾರೋ ಅಂದರು.

"ಅವರೂ ನನ್ನದು ನೋಡಲಿ" ಎಂದಳು.

ವರ್ಷಗಳು ಕಳೆದವು. ನಾಲ್ಕು ಅಂತಸ್ತಿನವರು ಪೇಟೆಯವರೇ ಆದರು. ಏರಿಯ ಕೆಳಗೆ ಬೇರೆ ಊರುಗಳಿಂದ ಹೊಸಬರು ಬಂದು ಸೇರಿದರು. ಒಂದು ದಿನ ಒಬ್ಬ ಎಣ್ಣೆ ವ್ಯಾಪಾರಿ, ಆ ಮನೆಯ ಮೂಡಣ ದಿಕ್ಕಿನ ಜಾಗದಲ್ಲಿ ಇನ್ನೊಂದು ಮನೆ ಕಟ್ಟುತ್ತೇನೆ, ಅದೂ ಐದು ಅಂತಸ್ತು ಎಂದ.

ನಾಲ್ಕು ಅಂತಸ್ತಿನವರು ಒಂದೆಡೆ ಸೇರಿದರು. ಬೆಳಗಿನ ಬಿಸಿಲು ಹೋಗುತ್ತದೆ ಎಂದರು. ಬೀದಿ ಇಕ್ಕಟ್ಟಾಗುತ್ತದೆ ಎಂದರು. ಏರಿಯ ಕೆಳಗೆ ಈಗ ಇರುವವರು ನಮ್ಮಂಥವರಲ್ಲ ಎಂದೂ ಒಬ್ಬ ಅಂದ. ಎಲ್ಲರೂ ಕೂಡಿ ಫಕೀರವ್ವನ ಮನೆಗೆ ಬಂದರು.

"ಯವ್ವಾ, ನೀ ಮಾತು ಬಲ್ಲಾಕಿ. ನಮ್ಮ ಪರವಾಗಿ ನೀನ ಹೇಳು."

ಅವಳು ಬರುತ್ತೇನೆ ಎಂದಳು. ಸಭೆಯಲ್ಲಿ ಎದ್ದು ನಿಂತಳು. ದೇಸಾಯಿ ಮುಪ್ಪಾಗಿ ಗೋಡೆಗೆ ಒರಗಿ ಕೂತಿದ್ದ. ಅವನ ಕಡೆ ಒಮ್ಮೆ, ತನ್ನವರ ಕಡೆ ಒಮ್ಮೆ ನೋಡಿದಳು.

"ಆ ಮನಿ ಎದ್ರ ನನ್ನ ಒಲಿಯ ಮುಂದ ಬಿಸಿಲು ಬೀಳೂದಿಲ್ಲ. ಇದು ಖರೆ ಐತಿ. ಆದರೂ ಏಳಲಿ. ಒಂದು ಅಂತಸ್ತೂ ಇಳಿಸಬ್ಯಾಡ್ರಿ."

ಅವಳ ಜನ ಅವಳನ್ನು ಬೈದರು. ಹಿಂದೆ ಸಭೆಯವರು ಆಡಿದ ಮಾತುಗಳನ್ನೇ ಅವರೂ ಆಡಿದರು. ಅವಳು ಕೂರಲಿಲ್ಲ. ಒಬ್ಬೊಬ್ಬರ ಮಾತಿಗೂ ಉತ್ತರ ಕೊಟ್ಟಳು. ದೇಸಾಯಿ ಆ ದಿನ ಕಳಸದ ಮಾತು ಎತ್ತಲೇ ಇಲ್ಲ. ವ್ಯಾಪಾರಿಯ ಮನೆ ಐದು ಅಂತಸ್ತಿಗೂ ಎದ್ದಿತು. ಏರಿಯ ಕೆಳಗೆ ಗುಡಿಸಲುಗಳು ಖಾಲಿಯಾದವು.

ಫಕೀರವ್ವನ ಮನೆಯೊಳಗೆ ಕತ್ತಲಾಯಿತು. ಹಗಲಲ್ಲೇ ದೀಪ ಹಚ್ಚಿಟ್ಟು ರೊಟ್ಟಿ ಬಡಿಯುತ್ತಿದ್ದಳು. ಅಕ್ಕಪಕ್ಕದವರು ಮಾತು ಬಿಟ್ಟರು. ಒಲೆಗೆ ಕೆಂಡ ಕೇಳಲೂ ಬರುತ್ತಿರಲಿಲ್ಲ. ಒಂದು ದಿನ ನೆರೆಯವಳು ತಡೆಯಲಾರದೆ, "ಈ ಕತ್ತಲಿ ನೀನ ತಂದುಕೊಂಡಿ" ಎಂದಳು.

"ಹೌದು, ನಾನ ತಂದೀನಿ" ಎಂದು ಫಕೀರವ್ವ ದೀಪದ ಬತ್ತಿ ಸರಿಮಾಡಿ ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲನಿಗೆ ಒಳಗೊಳಗೇ ಸಿಟ್ಟು ಬಂದಿತ್ತು.

"ಹಾಗಾದರೆ ಎತ್ತರಕ್ಕೆ ಮಿತಿಯೇ ಇಲ್ಲವೇ, ಗುರುಗಳೇ?" ಎಂದು ಕೇಳಿದ.

"ಇದೆ, ನೀವು ಇಂದು ಇಳಿಸಿದ ಆರು ಅಂತಸ್ತುಗಳಲ್ಲಿ ಇರಬೇಕಾಗಿದ್ದ ಒಬ್ಬರ ಹೆಸರು ಹೇಳು, ಆಮೇಲೆ ಅಳೆಯೋಣ" ಎಂದರು ಗುರುಗಳು.

ಚನ್ನಮಲ್ಲ ಬಾಯಿ ತೆರೆದ. ಹೆಸರು ಬರಲಿಲ್ಲ.