ಕೂಗುಗುಡ್ಡದ ಮೌನ

ಕೂಗಿದ್ದನ್ನೇ ತಿರುಗಿ ಕೂಗುವುದಕ್ಕೆ ಕೂಗುಗುಡ್ಡ ಹೆಸರಾಗಿತ್ತು. ಕ್ವಾರಿಯವರು ಎದುರಿನ ಬಂಡೆ ಒಡೆದ ಮೇಲೆ ಅದರ ಬಾಯಿ ಕಟ್ಟಿತ್ತು. ಅದು ತಿಳಿಯದೆ ದೊಡ್ಡ ಸಾಹೇಬರೊಬ್ಬರು ಹೆಂಡತಿ, ಹಿಂಬಾಲಕರ ಸಮೇತ ಬಂದರು.

"ನಾನು ಬಂದಿದ್ದೇನೆ!" ಎಂದು ಗಂಟಲು ಹರಿಯುವಂತೆ ಕೂಗಿದರು. ಗುಡ್ಡ ಗಪ್‌ಚಿಪ್. ಮತ್ತೆ ಕೂಗಿದರು. ಕೆಮ್ಮು ಬಂತೇ ಹೊರತು ಉತ್ತರ ಬರಲಿಲ್ಲ. ಹಿಂಬಾಲಕರು ನಗು ನುಂಗಿದರು.

ಸಾಹೇಬರು ಕಾವಲುಗಾರ ಕರಿಬಸಪ್ಪನ ಮೇಲೆ ಹರಿಹಾಯ್ದರು. "ಏನಯ್ಯಾ ಇದು? ಈಗಲೇ ಕೂಗಿಸು, ಇಲ್ಲದಿದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ!"

ಕರಿಬಸಪ್ಪ ಕೈಮುಗಿದ. "ಬುದ್ಧೀ, ತಮ್ಮಂಥೋರಿಗೆ ಎದುರು ಮಾತಾಡೋಕೆ ಈ ಗುಡ್ಡಕ್ಕೆ ಎಷ್ಟು ಧೈರ್ಯ ಇರಬೇಕು?"

ಸಾಹೇಬರ ಮುಖ ಅರಳಿತು. "ಗುಡ್ಡಕ್ಕೂ ಗೊತ್ತು ನೋಡ್ರಯ್ಯಾ!" ಎಂದು ಹಿಂಬಾಲಕರತ್ತ ತಿರುಗಿದರು.

"ಬಿಸಿಲಲ್ಲಿ ಮೆರೆದಿದ್ದು ಸಾಕು, ಕಾರು ಹತ್ತಿ" ಎಂದರು ಹೆಂಡತಿ.

ಸಾಹೇಬರು ಗುಡ್ಡದಷ್ಟೇ ಮೌನವಾಗಿ ಹತ್ತಿದರು.