ಪರಾಕ್ರಮ ಎದ್ದ, ಪಂಕ್ತಿ ಎದ್ದಿತು

ಗವಿದುರ್ಗದ ದೊರೆ ಕೆಂಚಭೂಪನ ಹತ್ರ ಒಂದು ನಾಯಿ ಇತ್ತು ನೋಡಿ, ಹೆಸರು ಪರಾಕ್ರಮ! ಇಲಿ ಕಂಡರೆ ದೊರೆಯ ಮಂಚ ಹತ್ತಿ ಕೂರೋದು, ಹೆಸರು ಮಾತ್ರ ಪರಾಕ್ರಮ!

ದೊರೆಗೆ ಅರಮನೆ ಅಡುಗೆ ಬೇಜಾರಾಯ್ತು. ಪೇಟೆಯ ಖಾನಾವಳೀಲಿ ಉಣ್ಣಬೇಕು, ಪಕ್ಕದಲ್ಲೇ ನಾಯಿಗೂ ಎಲೆ ಹಾಕಿಸಬೇಕು ಅಂತ ಹೊರಟ. "ನಾಯಿ ಹೊರಗಿರಲಿ ಬುದ್ಧೀ" ಅಂದ ಖಾನಾವಳಿಗೆಲ್ಲ ಬೀಗ!

ಕೊನೆಗೆ ಆಸ್ಥಾನದ ಜಾಣ ಸಿಂಗಣ್ಣನಿಗೆ ಕರೆ ಬಂತು.

"ಲೋ ಸಿಂಗಣ್ಣಾ, ನಾಳೆ ಮಧ್ಯಾಹ್ನಕ್ಕೆ ಒಂದು ಯೋಗ್ಯವಾದ ಖಾನಾವಳಿ ಹುಡುಕು. ನನಗಿರೋ ಮರ್ಯಾದೆಯೆಲ್ಲ ಪರಾಕ್ರಮನಿಗೂ ಸಿಗಬೇಕು. ಕೂದಲೆಳೆಯಷ್ಟು ಕಮ್ಮಿಯಾದ್ರೂ ನೀನು ಊರು ಬಿಡು!"

"ಎಲ್ಲಾ ಮರ್ಯಾದೆಯೂನಾ ಬುದ್ಧೀ?"

"ಎಲ್ಲಾ! ನಾನು ಬೇರೆಯಲ್ಲ, ಅವನು ಬೇರೆಯಲ್ಲ!"

"ಆಹಾ, ಮುಖದ ಕಳೆಯೂ ಒಂದೇ!" ಅಂತ ಆಸ್ಥಾನದವರು ತಲೆದೂಗಿದರು.

ಸಿಂಗಣ್ಣನ ಹೊಟ್ಟೆ ಗುರ್ ಅಂತು. ಅದಕ್ಕೂ ಕಾರಣ ದೊರೆಯೇ. ಅರಮನೆ ಪಂಕ್ತೀಲಿ ದೊರೆ ಎದ್ದ ಅಂದ್ರೆ ಎಲ್ಲರೂ ಏಳಬೇಕು. ಆಮೇಲೆ ತುತ್ತು ಎತ್ತಿದವನು ಆಸ್ಥಾನದಿಂದಲೇ ಹೊರಗೆ! ದೊರೆಯೋ ಗಬಗಬ ತಿಂದು ಎದ್ದುಬಿಡ್ತಿದ್ದ. ಪಂಕ್ತಿಯ ಕೊನೇಲಿ ಕೂರೋ ಸಿಂಗಣ್ಣನಿಗೆ ಹೋಳಿಗೆ ವಾಸನೆ ಗೊತ್ತಿತ್ತೇ ಹೊರತು ರುಚಿ ಗೊತ್ತಿರಲಿಲ್ಲ!

ಅವನು ಸೀದಾ ಖಾನಾವಳಿ ನೀಲವ್ವನ ಹತ್ರ ಓಡಿದ. "ನೀಲಕ್ಕಾ, ನಾಳೆ ನಿನ್ನ ಮನೇಲಿ ಇಬ್ಬರು ದೊರೆಗಳ ಊಟ!"

"ಒಬ್ಬ ದೊರೆಯನ್ನ ಸಾಕೋದೇ ಊರಿಗೆ ಸಾಕಾಗಿದೆ, ಇನ್ನೊಬ್ಬ ಯಾರಪ್ಪಾ?"

"ಬಾಲ ಇರೋನು. ಹೋಳಿಗೆ ಮಾಡು, ಮಿಕ್ಕಿದ್ದು ನನಗಿರಲಿ."

ಮಾರನೇ ದಿನ ದೊರೆ ಬಂದ, ನಾಯೀನೂ ಬಂತು, ಹಿಂದೆ ಅರ್ಧ ಊರೇ ಬಂತು! ನೀಲವ್ವ ಇಬ್ಬರ ಕಾಲಿಗೂ ನೀರು ಕೊಟ್ಟಳು. ಇಬ್ಬರಿಗೂ ಮಣೆ, ಇಬ್ಬರಿಗೂ ಎಲೆ, ಇಬ್ಬರಿಗೂ ತುಪ್ಪ ಸುರಿದ ಹೋಳಿಗೆ. ದೊರೆ ಮೀಸೆ ತಿರುವಿ, ತುತ್ತು ಮುರಿದು, ಬಾಯಿ ಹತ್ರ ತಂದ.

ಅಷ್ಟರಲ್ಲಿ ಪರಾಕ್ರಮ ಲಬಕ್ ಲಬಕ್ ಅಂತ ನುಂಗಿ, ಎಲೆ ನೆಕ್ಕಿ, ಮೈ ಕೊಡವಿ ಎದ್ದೇಬಿಡ್ತು!

"ದೊರೆಗಳು ಎದ್ದರು!" ಸಿಂಗಣ್ಣ ಕೂಗಿದ. "ಪಂಕ್ತಿ ಏಳಲಿ!"

"ಏನೋ ಅದು? ನಾನಿನ್ನೂ ಬಾಯಿಗೇ ಇಟ್ಟಿಲ್ಲ!"

"ಇಡಬೇಡಿ ಬುದ್ಧೀ, ನಿಮ್ಮದೇ ಕಟ್ಟಳೆ. ನೀವು ಕೂತೇ ಇದ್ರೆ ಪರಾಕ್ರಮ ಪ್ರಭುಗಳ ಮರ್ಯಾದೆ ಕಮ್ಮಿಯಾಗುತ್ತೆ, ನಾನು ಊರು ಬಿಡಬೇಕಾಗುತ್ತೆ!"

ಅರ್ಧ ಊರು ನೋಡ್ತಾ ಇದೆ. ಹೋಳಿಗೆ ಘಮ್ ಅಂತಿದೆ. ದೊರೆ ತುತ್ತನ್ನ ಎಲೆಗೆ ಹಾಕಿ, ಜೊಲ್ಲು ನುಂಗಿ ಎದ್ದ.

"ಹಾಗಾದ್ರೆ ನಾಯಿ ಜೊತೆ ಉಣ್ಣೋಕೆ ಯೋಗ್ಯವಾದ ಜಾಗ ಯಾವುದಯ್ಯಾ?"

"ನಿಮ್ಮ ಅರಮನೆಯೇ ಬುದ್ಧೀ! ಅಲ್ಲಿ ಅರೆಹೊಟ್ಟೇಲಿ ಏಳೋದು ನಮಗೆಲ್ಲ ರೂಢಿಯಾಗಿದೆ. ಪಾಪ, ನಿಮಗೆ ಇವತ್ತೇ ಮೊದಲು!"

ದೊರೆ ದುರುಗುಟ್ಟಿದ. ಆಮೇಲೆ ಅವನ ಹೊಟ್ಟೆಯೇ ಗುರ್ ಅಂತು, ನಗು ತಡೆಯೋಕೆ ಆಗಲಿಲ್ಲ! ಬೀಗಗಳನ್ನ ತೆಗೆಸಿದ, ಕಟ್ಟಳೆ ತಿದ್ದಿಸಿದ: ಪಂಕ್ತಿಯ ಕೊನೆಯವನು ತೇಗೋವರೆಗೂ ದೊರೆ ಏಳೋ ಹಾಗಿಲ್ಲ.

ಅವತ್ತು ರಾತ್ರಿ ಕೊನೇಲಿ ಕೂತಿದ್ದ ಸಿಂಗಣ್ಣ ಹೋಳಿಗೆಯನ್ನ ಚೂರು ಚೂರೇ ಮುರಿದು ತಿಂದ. ದೊರೆ ಕೈ ಒಣಗಿಸಿಕೊಂಡು ಅವನ ಬಾಯನ್ನೇ ನೋಡ್ತಾ ಕೂತ, ಥೇಟ್ ಪರಾಕ್ರಮನ ಹಾಗೇ!