ಸೋರುವ ಲಾರಿ ಮತ್ತು ಮೇಸ್ತ್ರಿ

"ಗುರುಗಳೇ, ನಾನು ಮಾಡಿದ ಕೆಲಸವನ್ನು ನೋಡಿದಾಗ ನನ್ನ ಎದೆ ಉಬ್ಬುತ್ತದೆ. ಈ ಹೆಮ್ಮೆಯನ್ನು ಬಿಡಬೇಕೇ?" ಎಂದು ಶಿಷ್ಯ ನಿರಂಜನ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಘಟ್ಟದ ಮೇಲಿನ ಊರೊಂದರಲ್ಲಿ ಮಕ್ತುಮಸಾಬನೆಂಬ ಲಾರಿ ಮೇಸ್ತ್ರಿಯಿದ್ದ. ತಾನು ಬಿಚ್ಚಿ ಕೂಡಿಸಿದ ಎಂಜಿನ್ ದಾರಿಯಲ್ಲಿ ಕೈಕೊಡುವುದಿಲ್ಲ ಎಂದು ನಾಲ್ಕು ಜನರ ನಡುವೆ ನಿಂತು ಹೇಳುತ್ತಿದ್ದ. ಹೇಳಿದ್ದು ಸುಳ್ಳಾಗಿರಲೂ ಇಲ್ಲ.

ಒಂದು ಬೆಳಿಗ್ಗೆ, ಹಿಂದೆ ಅವನೇ ರಿಪೇರಿ ಮಾಡಿದ್ದ ಲಾರಿ ಟೊಮೆಟೊ ಹೇರಿಕೊಂಡು ಬಂದು ನಿಂತಿತು. ಅಡಿಯಲ್ಲಿ ಆಯಿಲ್ ತೊಟ್ಟಿಕ್ಕುತ್ತಿತ್ತು. ಎಂಜಿನ್ನಿನ ತಳದ ಆಯಿಲ್ ಚೇಂಬರ್ ಒದ್ದೆಯಾಗಿತ್ತು. ಮಕ್ತುಮಸಾಬ ಅದರ ಬೋಲ್ಟುಗಳನ್ನು ಬಿಗಿದ. ಹನಿ ನಿಲ್ಲಲಿಲ್ಲ. ಚೇಂಬರ್ ಇಳಿಸಿ, ಸಂದಿಯಲ್ಲಿ ಆಯಿಲ್ ಜಿನುಗದಂತೆ ತಡೆಯುವ ಪ್ಯಾಕಿಂಗ್ ಹೊಸದು ಹಾಕಿದ. ಆಗಲೂ ನಿಲ್ಲಲಿಲ್ಲ.

ಚಾಲಕನಿಗೆ ಅವಸರ. "ಸಾಬರೇ, ಮುದಿ ಲಾರಿ, ಸೋರುವುದು ಅದರ ಗುಣ. ಆಯಿಲ್ ತುಂಬಿಸಿ ಬಿಟ್ಟುಬಿಡಿ. ಮಾಲು ಕೊಳೆತುಹೋಗುತ್ತದೆ."

"ಘಟ್ಟದ ತಿರುವಿನಲ್ಲಿ ಈ ಆಯಿಲ್ ಬಿದ್ದರೆ ಹಿಂದೆ ಬರುವ ಬೈಕಿನವನ ಗತಿಯೇನು? ನನ್ನ ಕೈ ಮುಟ್ಟಿದ ಗಾಡಿ ಸೋರುತ್ತಾ ಹೋಗಕೂಡದು" ಎಂದ ಮಕ್ತುಮಸಾಬ. ಮಾಲನ್ನು ತಾನೇ ನಿಂತು ಬೇರೆ ಲಾರಿಗೆ ಹಾಕಿಸಿ ಕಳಿಸಿದ.

ಆಮೇಲೆ ಎಂಜಿನ್ನಿಗೆ ಹತ್ತಿದ ಜಿಡ್ಡನ್ನೆಲ್ಲ ಡೀಸೆಲ್ಲಿನಿಂದ ತೊಳೆದು ಒಣಬಟ್ಟೆಯಲ್ಲಿ ಒರೆಸಿದ. ಎಂಜಿನ್ ಚಾಲೂ ಮಾಡಿ ಟಾರ್ಚ್ ಹಿಡಿದು ಕಾದ. ಬಹಳ ಹೊತ್ತಿನ ಮೇಲೆ ಹಿಂಬದಿಯಲ್ಲಿ ಒಂದು ಸಣ್ಣ ಗೆರೆ ಮಿನುಗಿತು. ಅದು ಮೇಲಿನಿಂದ ಇಳಿದು ಬರುತ್ತಿತ್ತು. ಜಾಡು ಹಿಡಿದು ಬೆರಳನ್ನು ಮೇಲಕ್ಕೆ ಒಯ್ದ. ಎಂಜಿನ್ನಿನ ನೆತ್ತಿಯ ಮುಚ್ಚಳ ಬಿಚ್ಚಿದರೆ, ಅದರ ಅಂಚಿಗೆ ಕೂರಿಸಿದ್ದ ರಬ್ಬರು ಮೂಲೆಯಲ್ಲಿ ಮಡಚಿಕೊಂಡಿತ್ತು. ಹಿಂದಿನ ರಿಪೇರಿಯಲ್ಲಿ ಅದನ್ನು ಕೂರಿಸಿದವನು ಅವನೇ.

ಚಾಲಕ ಚಹಾ ಕುಡಿಯಲು ಹೋಗಿದ್ದ. ರಬ್ಬರು ಬದಲಿಸಿ ಸುಮ್ಮನಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಕ್ತುಮಸಾಬನ ಮುಖ ಕೆಂಪಾಯಿತು. ಆದರೂ ಚಾಲಕನನ್ನು ಕೂಗಿ ಕರೆದು ಮಡಚಿದ ರಬ್ಬರನ್ನು ಅವನ ಅಂಗೈಗೆ ಹಾಕಿದ.

"ನೋಡು ತಮ್ಮಾ, ಸೋರಿಸಿದ್ದು ಲಾರಿಯ ಮುದಿತನವಲ್ಲ, ನನ್ನ ಕೈ."

ಹೊಸ ರಬ್ಬರು ಕೂರಿಸಿದ. ಲಾರಿಯನ್ನು ಘಟ್ಟ ಇಳಿಸಿ, ಹತ್ತಿಸಿ, ತಂದು ನಿಲ್ಲಿಸಿ ಅಡಿಯಲ್ಲಿ ಬಿಳಿಯ ಹಾಳೆ ಹಾಸಿದ. ಇಬ್ಬರೂ ಕುಕ್ಕರಗಾಲಿನಲ್ಲಿ ಕೂತು ಕಾದರು. ಹಾಳೆ ಬಿಳಿಯಾಗಿಯೇ ಉಳಿಯಿತು. ಮಕ್ತುಮಸಾಬ ಎದ್ದು ಮೀಸೆ ತಿರುವಿದ.

"ಇನ್ನು ಹೋಗು. ಯಾರು ರಿಪೇರಿ ಮಾಡಿದರೆಂದು ಕೇಳಿದರೆ ನನ್ನ ಹೆಸರನ್ನೇ ಹೇಳು."

ಗುರುಗಳು ಕತೆ ನಿಲ್ಲಿಸಿದರು.

"ತಪ್ಪು ತನ್ನದೇ ಎಂದು ತಿಳಿದ ಮೇಲೂ ಅವನು ಹೆಮ್ಮೆ ಬಿಡಲಿಲ್ಲವೇ?" ಎಂದ ನಿರಂಜನ.

"ಅವನು ಹೆಮ್ಮೆ ಬಿಟ್ಟವನಾಗಿದ್ದರೆ ಲಾರಿ ಬೆಳಿಗ್ಗೆಯೇ ಹೊರಟುಹೋಗುತ್ತಿತ್ತಲ್ಲ, ಸೋರುತ್ತಲೇ" ಎಂದರು ಗುರುಗಳು.